ಚಾಗನೂರಿನಲ್ಲಿ ಇಳಿಯದ ವಿಮಾನ

ವಿದೇಶಿ ವಿಮಾನ ಹತ್ತಿ ಬರುವ ಮಹಾಮಾರಿಯ ಮಟ್ಟಿಗೆ ಜಗತ್ತಿನಲ್ಲೇ ಅತ್ಯಂತ ಸುರಕ್ಷಿತವಾದ ವಿಮಾನ ನಿಲ್ದಾಣ ಯಾವುದೆಂದು ಕೇಳಿದರೆ ಬಳ್ಳಾರಿಯವರು ಎದೆ ತಟ್ಟಿಕೊಂಡು ಹೇಳಬಹುದು: ನಮ್ಮ ಚಾಗನೂರು-ಸಿರಿವಾರದ್ದು. ಅದಕ್ಕಾಗಿ ರೈತರಿಂದ ಸುಮಾರು 900 ಎಕರೆ ಜಮೀನು ಪಡೆದು ಹದಿನೈದು ವರ್ಷ ಮೇಲಾಯಿತು. ಈವರೆಗೆ ಅಲ್ಲಿ ಒಂದೇ ಒಂದು ವಿಮಾನ ಇಳಿದಿಲ್ಲ, ಹಾಗಾಗಿ ಒಂದೇ ಒಂದು ವೈರಾಣುವೂ ಇಳಿದಿಲ್ಲ. ಸಿಂಗಪುರ, ಹಾಂಗ್‌ಕಾಂಗ್‌ಗಳು ಕೋಟಿಗಟ್ಟಲೆ ಸುರಿದರೂ ಸಾಧಿಸಲಾಗದ್ದನ್ನು ನಾವು ಕಟ್ಟಡವನ್ನೇ ಕಟ್ಟದೆ ಸಾಧಿಸಿದ್ದೇವೆ. ತೋರಣಗಲ್ಲಿನ ವಿದ್ಯಾನಗರಕ್ಕೆ 2017ರಲ್ಲಿ ಉಡಾನ್ ಯೋಜನೆಯಡಿ ವಿಮಾನ ಬಂತು ನಿಜ, ಆದರೆ ಅದು ಬಂದದ್ದು ಹೈದರಾಬಾದಿನಿಂದ. ಕೊಪ್ಪಳದವರ ಪಾಲಿಗೆ ಗಿಣಿಗೇರಿ ಬಳಿಯ ಖಾಸಗಿ ಏರ್‌ಸ್ಟ್ರಿಪ್ ಇದೆ, ಅಲ್ಲಿ ಇಳಿಯುವವರು ನೇರ ಕಾರು ಹತ್ತುತ್ತಾರೆ. ರಾಯಚೂರಿನವರು ಯರಮರಸ್‌ನಲ್ಲಿ ಆಗಬೇಕಿರುವ ನಿಲ್ದಾಣದ ಕಡೆ ನೋಡುತ್ತಾ ಕೂತಿದ್ದಾರೆ.

ಆದರೂ ಕಾಂಗೋದಲ್ಲಿ ಯಾರಿಗೋ ಎಬೋಲಾ ಜ್ವರ ಬಂತೆಂದು ಟೀವಿಯಲ್ಲಿ ಕೆಂಪು ಪಟ್ಟಿ ಓಡಿದ ಅರ್ಧ ಗಂಟೆಗೆ ಗಡಿಗಿ ಚೆನ್ನಪ್ಪ ಸರ್ಕಲ್ಲಿನ ಚಹಾದಂಗಡಿಯಲ್ಲಿ ತುರ್ತು ಸಭೆ ಸೇರುತ್ತದೆ. ಪರದೆಯ ಮೇಲೆ ಒಂದು ವಿಮಾನ, ಅದರ ಕಿಟಕಿಗಳಲ್ಲೆಲ್ಲ ಬುರುಡೆ, ಹಿನ್ನೆಲೆಯಲ್ಲಿ ಆಂಬುಲೆನ್ಸ್ ಸದ್ದು. ಒಗ್ಗರಣೆ-ಮಿರ್ಚಿ ತಟ್ಟೆ ಖಾಲಿಯಾಗುವಷ್ಟರಲ್ಲಿ ವೈದ್ಯಶಾಸ್ತ್ರದ ತೀರ್ಮಾನವೂ ಹೊರಬೀಳುತ್ತದೆ: ರೋಗ ವಿಮಾನದಾಗ ಬರ್ತೈತಿ, ವಿಮಾನ ಗಾಳ್ಯಾಗ ಹಾರ್ತೈತಿ, ಅಂದ್ರ ರೋಗ ಗಾಳ್ಯಾಗ ಬರ್ತೈತಿ. ಈ ತರ್ಕದಲ್ಲಿ ತಪ್ಪು ಹುಡುಕಲು ಹೊರಟವನಿಗೆ ಎರಡನೇ ಚಹಾ ಸಿಗುವುದಿಲ್ಲ.

ಎಬೋಲಾ ಮಾತ್ರ ಈ ಸಭೆಗೆ ಬಂದು ಮಾತು ಕೇಳಿಸಿಕೊಂಡಿಲ್ಲ. ಅದು ಗಾಳಿಯಲ್ಲಿ ತೇಲಿ ಬರುವ ಜಾತಿಯದಲ್ಲ. ರೋಗಿಯ ರಕ್ತ, ವಾಂತಿ, ಭೇದಿ, ಬೆವರು ಮೈಗೆ ತಾಗಬೇಕು, ಇಲ್ಲವೇ ಸತ್ತವರ ಮೈ ತೊಳೆಯಬೇಕು. ಸೋಂಕು ತಗುಲಿದ ಮೇಲೆ 2ರಿಂದ 21 ದಿನ ಒಳಗೇ ಕೂತಿರುತ್ತದೆ, ಲಕ್ಷಣ ಕಾಣುವ ತನಕ ಇನ್ನೊಬ್ಬರಿಗೆ ಅಂಟುವುದಿಲ್ಲ. 2014ರ ಸೆಪ್ಟೆಂಬರ್ 20ರಂದು ಲೈಬೀರಿಯಾದಿಂದ ಅಮೆರಿಕದ ಡಾಲಸ್‌ಗೆ ಒಬ್ಬ ಪ್ರಯಾಣಿಕ ಬಂದಿಳಿದ. ಹೊರಡುವಾಗ ಮನ್ರೋವಿಯಾ ನಿಲ್ದಾಣದಲ್ಲಿ ಹಣೆ ನೋಡಿದ್ದರು, 97.3 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ನಿಮ್ಮ ಹಾಗೆ, ನಾರ್ಮಲ್. ಐದು ದಿನದ ಮೇಲೆ ಜ್ವರವೆಂದು ಆಸ್ಪತ್ರೆಗೆ ಹೋದ, ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಮತ್ತೆ ಆಂಬುಲೆನ್ಸಿನಲ್ಲಿ ಬಂದು ಅಕ್ಟೋಬರ್ 8ಕ್ಕೆ ತೀರಿಕೊಂಡ. ಅವನ ಜೊತೆ ವಿಮಾನದಲ್ಲಿ ಕೂತವರಲ್ಲಿ ಒಬ್ಬರಿಗೂ ರೋಗ ಬರಲಿಲ್ಲ. ಬಂದದ್ದು ಆಸ್ಪತ್ರೆಯಲ್ಲಿ ಅವನ ಆರೈಕೆ ಮಾಡಿದ ಇಬ್ಬರು ನರ್ಸ್‌ಗಳಿಗೆ. ಇದರಿಂದ ಚಹಾದಂಗಡಿ ಕಲಿಯಬೇಕಾದ ಪಾಠ ಗ್ಲೌಸು, ಗೌನು, ಅವನ್ನು ತೆಗೆಯುವಾಗ ಹೊರಮೈ ಕೈಗೆ ತಾಗದಂತೆ ಒಳಮಗ್ಗುಲಾಗಿ ಸುತ್ತುವ ಕ್ರಮ. ಗ್ಲೌಸು ಬಿಚ್ಚುವ ದೃಶ್ಯಕ್ಕೆ ಹಿನ್ನೆಲೆ ಸಂಗೀತ ಹಾಕಿದರೆ ಯಾರು ನೋಡುತ್ತಾರೆ? ಅದಕ್ಕೇ ಬುರುಡೆ.

ವಿಮಾನದೊಳಗಿನ ಗಾಳಿಯನ್ನೂ ಸುಮ್ಮನೆ ಬೈಯುತ್ತೇವೆ. ಜೆಟ್ ವಿಮಾನದ ಕ್ಯಾಬಿನ್ನಿನ ಗಾಳಿ ಗಂಟೆಗೆ 20ರಿಂದ 30 ಸಲ ಬದಲಾಗುತ್ತದೆ, ಮರಳಿ ಒಳಬರುವ ಅರ್ಧ ಪಾಲು ಸೂಕ್ಷ್ಮ ಕಣಗಳನ್ನೂ ತಡೆಯುವ ಹೆಪಾ ಫಿಲ್ಟರ್ ಹಾದೇ ಬರಬೇಕು. ಹಾಗೆಂದು ಪೂರ್ತಿ ಭದ್ರವೂ ಅಲ್ಲ. 2003ರ ಮಾರ್ಚ್ 15ರಂದು ಹಾಂಗ್‌ಕಾಂಗಿನಿಂದ ಬೀಜಿಂಗಿಗೆ ಹಾರಿದ ಒಂದೇ ವಿಮಾನದಲ್ಲಿ ಒಬ್ಬನಿಂದ ಇಪ್ಪತ್ತಕ್ಕೂ ಹೆಚ್ಚು ಜನಕ್ಕೆ ಸಾರ್ಸ್ ಎಂಬ ಉಸಿರಾಟದ ರೋಗ ಹರಡಿತ್ತು. ಆದರೆ ಮಳೆಗಾಲದಲ್ಲಿ ಕಿಟಕಿಗಳನ್ನೆಲ್ಲ ಎಳೆದು ಮುಚ್ಚಿದ ಸಿಂಧನೂರು ಬಸ್ಸಿನಲ್ಲಿ, ಸೀಟಿಗೆ ಮೂವರಂತೆ ಕೂತು, ಮುಂದಿನವನ ಕೆಮ್ಮನ್ನು ಹಂಚಿಕೊಂಡು ಬರುವವರು ವಿಮಾನದ ಗಾಳಿ ಕೆಟ್ಟದ್ದೆಂದು ಮುಖಕ್ಕೆ ಟವೆಲ್ ಸುತ್ತಿಕೊಳ್ಳುವಾಗ ಫಿಲ್ಟರಿಗೇ ನಾಚಿಕೆಯಾದೀತು.

ಇನ್ನು ಹಣೆಗೆ ಹಿಡಿಯುವ ಪಿಸ್ತೂಲಿನ ವಿಚಾರ. ಎಲ್ಲೋ ರೋಗ ಎದ್ದರೆ ಇಲ್ಲಿ ಮೊದಲು ಎದ್ದು ಕೂರುವುದು ಥರ್ಮಲ್ ಗನ್. 2020ರಲ್ಲಿ ಕೊಂಡದ್ದು ಪ್ರತಿ ಕಚೇರಿಯ ಬೀರುವಿನಲ್ಲೂ ಇದೆ. ಬ್ಯಾಟರಿ ಒಳಗೇ ಸೋರಿ ಸ್ಪ್ರಿಂಗಿಗೆ ಹಸಿರು ಕಟ್ಟಿದೆ, ಕೆರೆದು ಹೊಸ ಸೆಲ್ಲು ಹಾಕಿದರೆ ದೀಪ ಹತ್ತುತ್ತದೆ. ದೀಪ ಹತ್ತಿತೆಂದರೆ ರೋಗ ನಿಂತಂತೆ.

ಅದು ಜ್ವರ ಅಳೆಯುವುದಿಲ್ಲ. ಚರ್ಮದಿಂದ ಹೊರಸೂಸುವ ಅವಗೆಂಪು ಕಿರಣವನ್ನು ಹಿಡಿದು, ಹಣೆಯ ಚರ್ಮ ಇಷ್ಟು ಬಿಸಿ ಇದ್ದರೆ ಒಳಗೆ ಇಷ್ಟಿರಬಹುದೆಂದು ಲೆಕ್ಕ ಕಟ್ಟಿ ಅಂಕಿ ತೋರಿಸುತ್ತದೆ. ಆ ಲೆಕ್ಕ ಸರಿಬರಬೇಕಾದರೆ ಹಣೆಯಿಂದ 3ರಿಂದ 5 ಸೆಂಟಿಮೀಟರ್ ದೂರದಲ್ಲಿ ನೇರ ಹಿಡಿಯಬೇಕು. ಹಿಡಿದವನಿಗೂ ಜೀವಭಯ ಇರುವುದರಿಂದ ಅವನು ಕೈ ಉದ್ದ ಚಾಚಿ, ಮುಖ ಆಚೆ ತಿರುಗಿಸಿ, ಒಂದು ಮಾರು ದೂರದಿಂದ ಒತ್ತುತ್ತಾನೆ. ಆಗ ಬರುವುದು ಹಣೆ, ಹಿಂದಿನ ಗೋಡೆ, ಗೋಡೆಯ ಮೇಲಿನ ಕ್ಯಾಲೆಂಡರ್ ಎಲ್ಲದರ ಸರಾಸರಿ. ಹಣೆಯ ಮೇಲೆ ಬೆವರು, ಕೂದಲು, ಬಣ್ಣ ಏನೂ ಇರಬಾರದೆಂಬುದು ಇನ್ನೊಂದು ನಿಯಮ. ನಮ್ಮ ಕಡೆ ಮೂರು ಬೆರಳು ವಿಭೂತಿ ಇಲ್ಲವೇ ಕಾಸಗಲ ಕುಂಕುಮ ಇಲ್ಲದ ಹಣೆ ಹುಡುಕಬೇಕೆಂದರೆ ಇನ್ನೊಂದು ಜಿಲ್ಲೆಗೆ ಹೋಗಬೇಕು. ವಿಭೂತಿ ಒರೆಸಿಕೊಳ್ಳಿ ಎನ್ನುವ ಧೈರ್ಯ ಯಾವ ಗಾರ್ಡಿಗೆ ಇದೆ? ಅವನು ಮುಂಗೈಗೆ ಗುರಿ ಇಡುತ್ತಾನೆ. ಯಂತ್ರ ಮಾತ್ರ ಅದನ್ನೂ ಹಣೆಯೆಂದೇ ತಿಳಿದು ಲೆಕ್ಕ ಹಾಕುತ್ತದೆ.

ಇದೆಲ್ಲಕ್ಕಿಂತ ದೊಡ್ಡ ಸಂಗತಿ ಬಿಸಿಲು. ಇಂಥ ಬಹುತೇಕ ಯಂತ್ರಗಳ ಕೈಪಿಡಿಯಲ್ಲಿ ಸುತ್ತಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕೆಂದು ಬರೆದಿರುತ್ತದೆ. ಕೈಪಿಡಿ ಬರೆದವನು ಮೇ ತಿಂಗಳ ಮಧ್ಯಾಹ್ನ ರಾಯಚೂರು ರೈಲ್ವೆ ಸ್ಟೇಷನ್ನಿನ ಬಾಗಿಲಲ್ಲಿ ನಿಂತವನಲ್ಲ. ಅಲ್ಲಿ ಆಟೊ ಇಳಿದು ಬಂದವನ ಹಣೆ ಬಿಸಿಲಿಗೆ ಕಾದು 38 ತೋರಿಸುತ್ತದೆ, ಅದೇ ಮನುಷ್ಯ ಒಂದು ನಿಮಿಷ ಫ್ಯಾನಿನಡಿ ನಿಂತು ಬೆವರು ಆರಿದರೆ 34. ಎರಡೂ ಸುಳ್ಳು. ಸರಿಯಾದ ಕ್ರಮವೆಂದರೆ ಯಂತ್ರ ಮತ್ತು ಮನುಷ್ಯ ಇಬ್ಬರನ್ನೂ ಒಂದೇ ನೆರಳಿನಲ್ಲಿ ಕಾಲು ಗಂಟೆಯಿಂದ ಅರ್ಧ ಗಂಟೆ ಕೂರಿಸಿ ಆಮೇಲೆ ಅಳೆಯುವುದು. ಹಂಪಿ ಎಕ್ಸ್‌ಪ್ರೆಸ್ಸಿನಿಂದ ಇಳಿದ ಜನವನ್ನೆಲ್ಲ ಅರ್ಧ ಗಂಟೆ ಕೂರಿಸಿದರೆ ಜ್ವರಕ್ಕಿಂತ ಮೊದಲು ಜಗಳ ಹರಡುತ್ತದೆ.

ಪಿಸ್ತೂಲಿನ ಬದಿಯಲ್ಲಿ ಒಂದು ಸಣ್ಣ ಗುಂಡಿಯೂ ಇದೆ, ಬಾಡಿ ಮೋಡು, ಸರ್ಫೇಸ್ ಮೋಡು ಎಂದು. ಜೇಬಿನಲ್ಲಿ ಇಟ್ಟು ತೆಗೆಯುವಾಗ ಅದು ತಾನಾಗಿ ಒತ್ತಿಹೋಗಿ, ಮನುಷ್ಯನನ್ನು ಹಾಲಿನ ಬಾಟಲಿ ಅಳೆದಂತೆ ಅಳೆಯುತ್ತದೆ. ಆಗ ಎಲ್ಲರೂ 33.5. ದೇಹದ ಒಳಬಿಸಿ ನಿಜಕ್ಕೂ 35ಕ್ಕಿಂತ ಕೆಳಗಿಳಿದರೆ ಅದು ಚಳಿಗೆ ಸಾಯುವ ಸ್ಥಿತಿ, ಮಾತು ತೊದಲಬೇಕು, ಮೈ ಗಡಗಡ ನಡುಗಬೇಕು. ಗಾರ್ಡು ‘ನಾರ್ಮಲ್ ಐತಿ, ನಡೀರಿ’ ಎನ್ನುತ್ತಾನೆ. ಹಾಗೆ ಮೇ ತಿಂಗಳ ಬಳ್ಳಾರಿಯಲ್ಲಿ ದಿನಕ್ಕೆ ನೂರಾರು ಜನ ಹಿಮಾಲಯದಲ್ಲಿ ಹೆಪ್ಪುಗಟ್ಟಿದವರಂತೆ ದಾಖಲಾಗಿ ಆರಾಮಾಗಿ ಮನೆಗೆ ಹೋಗುತ್ತಾರೆ. ಹೋಗುವ ಮುನ್ನ ಹೆಸರು, ಫೋನ್ ನಂಬರು, ಅಂಕಿ ಎಲ್ಲ ರಿಜಿಸ್ಟರಿನಲ್ಲಿ ತುಂಬಬೇಕು. ಅದಕ್ಕೊಂದು ಪೆನ್ನು, ಕಳವಾಗದಂತೆ ದಾರ ಕಟ್ಟಿದ್ದು. ಬಂದವರೆಲ್ಲ ಮುಟ್ಟುವುದು ಆ ಒಂದೇ ಪೆನ್ನನ್ನು. ಕೆಲವರು ಹೆಸರು ಬರೆಯುವ ಮೊದಲು ಯೋಚಿಸುತ್ತಾ ಅದರ ತುದಿ ಕಚ್ಚುತ್ತಾರೆ.

ಸರಿಯಾಗಿ ಅಳೆದರೂ ಜ್ವರ ಬಂದವನು ಮಾತ್ರ ಸಿಕ್ಕಬೇಕು, ಬರಲಿರುವವನಲ್ಲ. ಬಂದವನೂ 650ರ ಒಂದು ಪ್ಯಾರಾಸಿಟಮಾಲ್ ನುಂಗಿದರೆ ನಾಲ್ಕರಿಂದ ಆರು ಗಂಟೆ ಸಾಧು. ಸಾರ್ಸ್ ಕಾಲದಲ್ಲಿ ಕೆನಡಾ, ಸಿಂಗಪುರ, ಹಾಂಗ್‌ಕಾಂಗ್ ಮುಂತಾದ ಕಡೆ ಕೋಟಿಗಟ್ಟಲೆ ಪ್ರಯಾಣಿಕರ ಬಿಸಿ ನೋಡಿದರು. ಹಾಗೆ ಒಳಬರುವವರಲ್ಲಿ ಸಿಕ್ಕ ಸಾರ್ಸ್ ರೋಗಿಗಳ ಸಂಖ್ಯೆ ಸೊನ್ನೆ. ಅಷ್ಟು ದೂರವೇಕೆ, 2020ರ ಮಾರ್ಚಿನಲ್ಲಿ ದೇಶದ ಮೊದಲ ಕೋವಿಡ್ ಸಾವು ಎಂದು ದಾಖಲಾದ ಪಕ್ಕದ ಕಲಬುರಗಿಯ ಹಿರಿಯರು ಸೌದಿಯಿಂದ ಫೆಬ್ರವರಿ 29ಕ್ಕೆ ಹೈದರಾಬಾದಿನಲ್ಲಿ ಇಳಿದಾಗ ಅವರನ್ನೂ ತಪಾಸಣೆ ಮಾಡಿಯೇ ಬಿಟ್ಟಿದ್ದರು. ಲಕ್ಷಣವಿರಲಿಲ್ಲ. ಯಂತ್ರದ ತಪ್ಪೂ ಇರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಪಿಸ್ತೂಲು ಯಾಕೆ ಬೇಕು ಎಂದರೆ, ಮಾರಿಯನ್ನು ಗಡಿ ದಾಟಿಸುವ ಪದ್ಧತಿ ನಮ್ಮಲ್ಲಿ ಮೊದಲಿನಿಂದ ಇದೆ. ಊರಿಗೆ ಕಾಲರಾ, ಸಿಡುಬು ಬಂದರೆ ಹಿಂದಿನವರು ಸಣ್ಣ ಮರದ ಬಂಡಿಯಲ್ಲಿ ಅಮ್ಮನ ಗೊಂಬೆ ಕೂರಿಸಿ, ಬೇವಿನ ಸೊಪ್ಪು, ಬಳೆ, ಹಸಿರು ಕುಪ್ಪಸ ಇಟ್ಟು, ಹಲಗೆ ಬಾರಿಸುತ್ತಾ ಒಯ್ದು ಪಕ್ಕದ ಊರಿನ ಸೀಮೆಯಲ್ಲಿ ಬಿಟ್ಟು ಹಿಂತಿರುಗಿ ನೋಡದೆ ಬರುತ್ತಿದ್ದರು. ಆ ಊರಿನವರು ಎದ್ದು ನೋಡಿ, ಇನ್ನಷ್ಟು ಬೇವು ಸೇರಿಸಿ, ಮುಂದಿನ ಊರಿಗೆ ಸಾಗಿಸುತ್ತಿದ್ದರು. ಈಗ ಅದೇ ಬಂಡಿಗೆ ಟ್ರಾವೆಲ್ ಅಡ್ವೈಸರಿ ಎನ್ನುತ್ತಾರೆ. ಊರಿಗೆ ಊರೇ ಬಾಗಿಲು ಹಾಕಿ ಹೊಲದಲ್ಲಿ ಅಡುಗೆ ಮಾಡಿಕೊಂಡು ಸಂಜೆ ಮರಳುವ ಹೊರಬೀಡು ಇನ್ನೂ ಕೆಲವು ಕಡೆ ನಡೆಯುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ ಹೊರಬೀಡಿನಲ್ಲಿ ಹೋಳಿಗೆಯಾದರೂ ಸಿಗುತ್ತದೆ.

ಬ್ರಿಟಿಷರೂ ಇದನ್ನೇ ಮಾಡಿದರು, ಕಾಗದದ ಮೇಲೆ. 1896ರಲ್ಲಿ ಮುಂಬೈಗೆ ಹಡಗಿನ ದಾರಿಯಲ್ಲಿ ಬಂದ ಪ್ಲೇಗು ಅಲ್ಲಿಂದ ರೈಲು ಹತ್ತಿತು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಸೋಂಕಿನ ಊರಿನಿಂದ ಬಂದವನ ಕೈಗೆ ‘ಪ್ಲೇಗ್ ಪಾಸ್‌ಪೋರ್ಟ್’ ಕೊಟ್ಟು, ಹತ್ತು ದಿನ ಹಾಜರಿ ಹಾಕಿಸುತ್ತಿದ್ದರು. ಮನುಷ್ಯ ಹಾಜರಿ ಹಾಕುತ್ತಿದ್ದ. ಇಲಿ, ಅದರ ಮೈಮೇಲಿನ ಚಿಗಟ ಗೂಡ್ಸ್ ಗಾಡಿಯ ಜೋಳದ ಚೀಲದಲ್ಲಿ ಕೂತು ಯಾರಿಗೂ ಚೀಟಿ ತೋರಿಸದೆ ಊರು ಸೇರುತ್ತಿದ್ದವು. ಚಿಗಟದ ಪಾತ್ರವನ್ನು 1898ರಲ್ಲೇ ಒಬ್ಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ತೋರಿಸಿಕೊಟ್ಟರೂ ವರ್ಷಗಟ್ಟಲೆ ಯಾರೂ ನಂಬಲಿಲ್ಲ. ಚಿಗಟಕ್ಕೆ ಸಹಿ ಬರುವುದಿಲ್ಲವಲ್ಲ, ರಿಜಿಸ್ಟರಿನಲ್ಲಿ ಅದನ್ನು ಎಲ್ಲಿ ತುಂಬುವುದು?

ವಿಮಾನದಲ್ಲಿ ಬಂದ ರೋಗವನ್ನು ನಿಜವಾಗಿ ಹಿಡಿದು ನಿಲ್ಲಿಸಿದ ಉದಾಹರಣೆ ಒಂದಿದೆ, ಆದರೆ ಅದರಲ್ಲಿ ಪಿಸ್ತೂಲಿಲ್ಲ. 2014ರ ಜುಲೈ 20ರಂದು ನೈಜೀರಿಯಾದ ಲಾಗೋಸಿನಲ್ಲಿ ಎಬೋಲಾ ರೋಗಿಯೊಬ್ಬ ವಿಮಾನದಿಂದ ಇಳಿದು ಕುಸಿದ. ಕೋಟಿಗೂ ಮೀರಿದ ಜನ ಒತ್ತಿಕೊಂಡಿರುವ ಮಹಾನಗರ ಅದು. ಅವನನ್ನು, ಅವನಿಂದ ಸೋಂಕಾದವರನ್ನು ಮುಟ್ಟಿದವರ ಪಟ್ಟಿ ಮಾಡಿದರು, 894 ಜನ. ದಿನವೂ ಮನೆಬಾಗಿಲಿಗೆ ಹೋಗಿ ಜ್ವರ ವಿಚಾರಿಸಿದರು, ಸುಮಾರು 18,500 ಭೇಟಿ. ಒಟ್ಟು 20 ಜನಕ್ಕೆ ಸೋಂಕು, 8 ಸಾವು. ಹೊಸ ಪ್ರಕರಣವಿಲ್ಲದೆ 42 ದಿನ, ಅಂದರೆ 21ರ ಎರಡು ಪಟ್ಟು, ಕಳೆದ ಮೇಲೆ ಅಕ್ಟೋಬರ್ 20ಕ್ಕೆ ದೇಶ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಚಪ್ಪಲಿ ಸವೆಸುವ ಕೆಲಸ. ನಮ್ಮಲ್ಲಿ ಇದನ್ನು ಮಾಡುವವರು ಆಶಾ ಕಾರ್ಯಕರ್ತೆಯರು, ಅವರು ಗೌರವಧನಕ್ಕಾಗಿ ಆಗಾಗ ಧರಣಿ ಕೂರಬೇಕಾಗುತ್ತದೆ. ಪಿಸ್ತೂಲು ಧರಣಿ ಕೂರುವುದಿಲ್ಲ, ಅದರ ಟೆಂಡರು ಬೇಗ ಆಗುತ್ತದೆ.

ಹಾಗಾದರೆ ವಿಮಾನದಿಂದ ನಮಗೆ ಭಯವೇ ಬೇಡವೇ? ಬೇಕು. ಆದರೆ ಎಲ್ಲಿ ನೋಡಿ ಭಯಪಡಬೇಕೆಂಬುದು ಹಳದಿ ಜ್ವರದ ಕಾನೂನಿನಲ್ಲಿದೆ. ಆಫ್ರಿಕಾ, ದಕ್ಷಿಣ ಅಮೆರಿಕದ ಹಳದಿ ಜ್ವರದ ದೇಶಗಳಿಂದ ಬರುವವನ ಕೈಯಲ್ಲಿ ಲಸಿಕೆಯ ಪ್ರಮಾಣಪತ್ರ ಇರಬೇಕು, ಲಸಿಕೆ ಹಾಕಿಸಿ 10 ದಿನ ಕಳೆದಿರಬೇಕು, ಇಲ್ಲದಿದ್ದರೆ 6 ದಿನದವರೆಗೆ ಹಿಡಿದು ಕೂರಿಸುತ್ತಾರೆ. ಅಲ್ಲಿಂದ ಬರುವ ವಿಮಾನದೊಳಗೆ ಕೀಟನಾಶಕ ಹೊಡೆಯುತ್ತಾರೆ. ಭಾರತದಲ್ಲಿ ಹಳದಿ ಜ್ವರ ಇಲ್ಲ. ಮತ್ತೇಕೆ ಇಷ್ಟು ಬಿಗಿ? ಅದನ್ನು ಹರಡುವ ಈಡಿಸ್ ಸೊಳ್ಳೆ ಇಲ್ಲಿ ಮನೆಮನೆಯಲ್ಲಿ ಹಾಸಿಗೆ ಹಾಸಿಕೊಂಡು ಕಾಯುತ್ತಿದೆ ಎಂದು ದೆಹಲಿಗೂ ಗೊತ್ತು. ಚಾಗನೂರಿನಲ್ಲಿ ರನ್‌ವೇ ಆಗದಿದ್ದರೇನು, ಬಳ್ಳಾರಿಯ ಪ್ರತಿ ಬಚ್ಚಲ ಪಕ್ಕ 200 ಲೀಟರಿನ ನೀಲಿ ಡ್ರಮ್ಮಿನಲ್ಲಿ ರನ್‌ವೇ ತಯಾರಿದೆ.

ಈ ವಿಷಯದಲ್ಲಿ ಸೊಳ್ಳೆಗೂ ನಮ್ಮ ನೀರು ಸರಬರಾಜಿಗೂ ಇರುವ ಹೊಂದಾಣಿಕೆ ಗಂಡ-ಹೆಂಡಿರಲ್ಲೂ ಕಾಣುವುದಿಲ್ಲ. ಈಡಿಸ್ ತತ್ತಿ ಒಡೆದು, ಮರಿ ನಾಲ್ಕು ಸಲ ಪೊರೆ ಕಳಚಿ, ಕೋಶವಾಗಿ, ರೆಕ್ಕೆ ಮೂಡಿ ಹಾರಲು ನಮ್ಮ ಸೆಕೆಯಲ್ಲಿ 7ರಿಂದ 10 ದಿನ ಬೇಕು. ನಲ್ಲಿಯಲ್ಲಿ ನೀರು ಬರುವುದು ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ. ದಿನಾ ನೀರು ಬಂದಿದ್ದರೆ ಡ್ರಮ್ಮೇ ಬೇಕಿರಲಿಲ್ಲ, ತಿಂಗಳಿಗೊಮ್ಮೆ ಬಂದಿದ್ದರೆ ನಡುವೆ ಒಣಗಿರುತ್ತಿತ್ತು. ಸರಿಯಾಗಿ ಸೊಳ್ಳೆಯ ಬಾಣಂತನಕ್ಕೆ ಬೇಕಾದಷ್ಟೇ ದಿನ ನೀರು ನಿಲ್ಲುವಂತೆ ಪಾಳಿ ಹಾಕಿದವರ ಜಾಣತನ ಮೆಚ್ಚಬೇಕು.

2005ರ ಕೊನೆಯಲ್ಲಿ ಹಿಂದೂ ಮಹಾಸಾಗರದ ದ್ವೀಪಗಳ ಕಡೆಯಿಂದ, ಇದೇ ಈಡಿಸ್ ಹರಡುವ ಚಿಕೂನ್‌ಗುನ್ಯಾ ಬಂದಾಗ ಅದಕ್ಕೆ ಈ ಹಾಸಿಗೆ ಸಿಕ್ಕಿತು. 2006ರಲ್ಲಿ ರಾಜ್ಯವೊಂದರಲ್ಲೇ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣ. ಮೈ ಬಾಗಿಸುವುದು ಎಂಬರ್ಥದ ಆಫ್ರಿಕದ ಮಕೊಂಡೆ ಭಾಷೆಯ ಹೆಸರು ಅದು. ಓಣಿಗೆ ಓಣಿಯೇ ಗೋಡೆ ಹಿಡಿದು ನಡೆಯುವಾಗ ಅರ್ಥ ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ. ಇನ್ನು 1947ರಲ್ಲಿ ಉಗಾಂಡದ ಝೀಕಾ ಕಾಡಿನ ಕೋತಿಯಲ್ಲಿ ಕಂಡ, ಇದೇ ಸೊಳ್ಳೆ ಹರಡುವ ಝೀಕಾ ವೈರಾಣು ಜಗತ್ತು ಸುತ್ತಿ ಕರ್ನಾಟಕದಲ್ಲಿ ಮೊದಲು ಪತ್ತೆಯಾದದ್ದು ಎಲ್ಲಿ? ಬೆಂಗಳೂರಿನ ಎರಡು ಟರ್ಮಿನಲ್ಲಿನ ನಿಲ್ದಾಣದಲ್ಲಿ ಎಂದುಕೊಂಡರೆ ತಪ್ಪು. 2022ರ ಡಿಸೆಂಬರಿನಲ್ಲಿ, ರಾಯಚೂರು ಜಿಲ್ಲೆಯ ಒಂದು ಪುಟ್ಟ ಮಗುವಿನಲ್ಲಿ. ವಿದೇಶ ಪ್ರವಾಸದ ಹಿನ್ನೆಲೆ ಇಲ್ಲ. ಯಾವ ಪಿಸ್ತೂಲು ಯಾವ ಬಾಗಿಲಲ್ಲಿ ಹಿಡಿದಿದ್ದರೆ ಅದು ಸಿಗುತ್ತಿತ್ತು?

ಸೊಳ್ಳೆಯ ಮೇಲೂ ಯುದ್ಧ ನಡೆಯುತ್ತದೆ, ಇಲ್ಲವೆನ್ನಬಾರದು. ಡೆಂಗಿ ಸುದ್ದಿ ಪೇಪರಿನಲ್ಲಿ ಬಂದ ಮೂರನೇ ದಿನ ಫಾಗಿಂಗ್ ಯಂತ್ರ ಓಣಿಗೆ ಬರುತ್ತದೆ. ಒಂದು ಪಾಲು ಔಷಧಕ್ಕೆ 19 ಪಾಲು ಡೀಸೆಲ್ ಬೆರೆಸಿ ಕಾಯಿಸಿ ಉಗುಳುವ ಹೊಗೆ. ಹಾರುತ್ತಿರುವ ಸೊಳ್ಳೆಯನ್ನು ಮಾತ್ರ ಅದು ಕೊಲ್ಲುತ್ತದೆ, ಮರಿಗೆ, ತತ್ತಿಗೆ ಏನೂ ಮಾಡದು. ಈಡಿಸ್ ಇರುವುದು ಮನೆಯೊಳಗೆ, ಗೂಟಕ್ಕೆ ನೇತುಹಾಕಿದ ಅಂಗಿಯ ಹಿಂದೆ, ಮಂಚದ ಕೆಳಗೆ. ಆದ್ದರಿಂದ ಹೊಗೆ ಬಂದಾಗ ಕಿಟಕಿ-ಬಾಗಿಲು ತೆರೆದಿಡಬೇಕು. ನಾವು ಯಂತ್ರದ ಸದ್ದು ಕೇಳಿದ ತಕ್ಷಣ ಓಡಿಹೋಗಿ ಬಾಗಿಲು ಹಾಕಿ, ಸಂದಿಗೆ ಗೋಣಿಚೀಲ ತುರುಕುತ್ತೇವೆ. ಸೊಳ್ಳೆ ಒಳಗೆ ಕ್ಷೇಮ. ಹೊಗೆಯಲ್ಲಿ ಸಿಗುವವರು ಯಂತ್ರದ ಹಿಂದೆ ಕುಣಿಯುತ್ತಾ ಓಡುವ ಹುಡುಗರು, ಮತ್ತು ಫೋಟೊಗಾಗಿ ಯಂತ್ರ ಹೆಗಲಿಗೇರಿಸಿ ಹತ್ತು ಹೆಜ್ಜೆ ನಡೆದು ಕೆಮ್ಮುವ ವಾರ್ಡಿನ ಸದಸ್ಯರು.

ಫೋಟೊ ಬಾರದ ಕೆಲಸ ಡ್ರಮ್ಮಿನದು. ವಾರಕ್ಕೊಮ್ಮೆ ಪೂರ್ತಿ ಬಗ್ಗಿಸಿ, ತೆಂಗಿನ ನಾರಿನಿಂದ ಒಳಗೋಡೆ ಗಸಗಸ ತಿಕ್ಕಿ, ತಿಕ್ಕಿದ ನೀರನ್ನು ಮಣ್ಣಿಗೆ ಚೆಲ್ಲಿ, ಬಿಸಿಲಿಗಿಡಬೇಕು. ಬರೀ ನೀರು ಚೆಲ್ಲಿದರೆ ಸಾಲದು, ತತ್ತಿ ಅಂಟಿರುವುದು ನೀರಿನ ಮಟ್ಟಕ್ಕಿಂತ ತುಸು ಮೇಲೆ ಗೋಡೆಗೆ. ಒಣಗಿದರೂ ಅದು ತಿಂಗಳುಗಟ್ಟಲೆ ಬದುಕಿದ್ದು, ಮುಂದಿನ ಸಲ ನೀರು ಮುಟ್ಟಿದೊಡನೆ ಒಡೆಯುತ್ತದೆ. ತೊಳೆಯಲಾಗದ ತೊಟ್ಟಿಗೆ ಮರಿ ಕೊಲ್ಲುವ ಒಂದು ಪರ್ಸೆಂಟಿನ ಅಬೇಟ್ ಮರಳನ್ನು 10 ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ, ಅಂದರೆ 200 ಲೀಟರ್ ಡ್ರಮ್ಮಿಗೆ 20 ಗ್ರಾಂ ಹಾಕಬೇಕು. ಹಾಕಿಹೋದ ಆರೋಗ್ಯ ಕಾರ್ಯಕರ್ತೆ ಓಣಿಯ ತಿರುವು ದಾಟುವ ತನಕ ಮನೆಯವರು ಕಾಯುತ್ತಾರೆ, ಆಮೇಲೆ ‘ವಾಸನಿ ಬರ್ತೈತಿ’ ಎಂದು ಅಷ್ಟನ್ನೂ ಮೋರಿಗೆ ಸುರಿಯುತ್ತಾರೆ. ಹಾಗೆಂದು ಅವರನ್ನೇ ಬೈಯುವುದೂ ಕಷ್ಟ. ರಾತ್ರಿ 2ಕ್ಕೆ ಬಂದು 3ಕ್ಕೆ ನಿಲ್ಲುವ ನೀರು ಹಿಡಿಯುವ ಹೆಂಗಸಿಗೆ ತಿಕ್ಕಲು ನೀರೆಲ್ಲಿದೆ? ಹಳೆಯ ನೀರಿನ ಮೇಲೆಯೇ ಹೊಸ ನೀರು ಬೀಳುತ್ತದೆ. ಗೋಡೆಯ ತತ್ತಿಗಳು ಒದ್ದೆಯಾಗುತ್ತವೆ.

ಇಂಥ ಒಂದು ಮನೆಗೆ ದುಬೈಯಿಂದ ಮಗ ಬಂದಿದ್ದಾನೆಂಬ ಸುದ್ದಿ ತಿಳಿದು ಇಬ್ಬರು ಅಧಿಕಾರಿಗಳು ಜೀಪಿನಲ್ಲಿ ಬರುತ್ತಾರೆ. ಬಾಗಿಲಿಗೆ ಕೆಂಪು ಚೀಟಿ ಅಂಟಿಸುತ್ತಾರೆ. ಹುಡುಗನ ಹಣೆಗೆ ಪಿಸ್ತೂಲು ಹಿಡಿಯುತ್ತಾರೆ, 34.1. ಓಣಿಯವರು ಮೂಗಿಗೆ ಸೆರಗು ಒತ್ತಿ ದೂರದಿಂದ ನೋಡುತ್ತಾರೆ. 42 ಡಿಗ್ರಿ ಬಿಸಿಲು. ಸಾಹೇಬರು ಒಂದು ಲೋಟ ನೀರು ಕೇಳುತ್ತಾರೆ. ತಾಯಿ ಒಳಗೆ ಹೋಗಿ ಡ್ರಮ್ಮಿನ ಮುಚ್ಚಳ ಸರಿಸುತ್ತಾಳೆ. ನೀರಿನ ಮೇಲೆ ತಲೆಕೆಳಗಾಗಿ ತೂಗುತ್ತಿದ್ದ ಮರಿಗಳು ನೆರಳು ಕಂಡು ಸರ್ರನೆ ತಳಕ್ಕಿಳಿಯುತ್ತವೆ. ಆಕೆ ಮೇಲ್ಭಾಗ ಉಫ್ ಎಂದು ಊದಿ, ಚಂಬು ಮುಳುಗಿಸಿ ತುಂಬಿ ತಂದು ಕೊಡುತ್ತಾಳೆ. ಚಂಬಿನೊಳಗೆ ಏನೋ ಕೊಂಕಿದಂತೆ ಕಂಡು ಸಾಹೇಬರು ಒಂದು ಕ್ಷಣ ತಡೆಯುತ್ತಾರೆ.

‘ಕುಡೀರಿ ಸಾಹೇಬ್ರ, ನೀರಾಗಿನ ಹುಳ ಅದು, ಏನೂ ಮಾಡಂಗಿಲ್ಲ.’